ವೇಗದ ರಸಿಕರು, ರಸ್ತೆಯ ಹಕ್ಕು

2025ರ ಮೇ ತಿಂಗಳಿನಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿ ತನ್ನ ಗಾಲ್ಫ್ ಜಿಟಿಐ ಕಾರನ್ನು ಭಾರತದ ಮಾರುಕಟ್ಟೆಗೆ ತಂದಿತು. ಷೋರೂಮ್ ಬೆಲೆ 53 ಲಕ್ಷ ರೂಪಾಯಿ. ಮೊದಲ ಕಂತಿನಲ್ಲಿ ಇಡೀ ದೇಶಕ್ಕೆಂದು ಮೀಸಲಾದದ್ದು 150 ಕಾರು. ಬೆಲೆ ಪ್ರಕಟವಾಗುವ ಮೊದಲೇ ಅಷ್ಟೂ ಖಾಲಿಯಾಗಿದ್ದವು. ನೋಡುವುದಕ್ಕೆ ಇದು ಭಾರೀ ಕಾರೇನೂ ಅಲ್ಲ. ಹಿಂಬಾಗಿಲು ಮೇಲಕ್ಕೆ ತೆರೆದುಕೊಳ್ಳುವ, ನಮ್ಮ ಓಣಿಗಳಲ್ಲಿ ದಿನವೂ ಕಾಣುವ ಹ್ಯಾಚ್‌ಬ್ಯಾಕ್ ಜಾತಿಗೇ ಸೇರಿದ್ದು. ಆದರೆ ಅದರ ಒಡಲಲ್ಲಿರುವುದು 2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 245 ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು 5.9 ಸೆಕೆಂಡು ಸಾಕು. ಗರಿಷ್ಠ ವೇಗ 250 ಕಿ.ಮೀ. ಇಂಥ ಕಾರುಗಳಿಗೆ ಪ್ರೇಮಿಗಳು ಇಟ್ಟ ಹೆಸರು ‘ಹಾಟ್ ಹ್ಯಾಚ್’.

ಈ ಕಾರಿನ ಗುಣಾವಗುಣಗಳ ಬಗ್ಗೆ ಮೋಟಾರು ಪತ್ರಿಕೆಗಳ ಪುಟಗಳಲ್ಲಿ, ಭಾನುವಾರ ಬೆಳಗ್ಗೆ ಊರಾಚೆಯ ಹೋಟೆಲುಗಳ ಮುಂದೆ ಸೇರುವ ಕಾರುಪ್ರೇಮಿಗಳ ಕೂಟಗಳಲ್ಲಿ, ಕಾಲೇಜು ಹುಡುಗರ ಮಾತುಕತೆಯಲ್ಲಿ ಬಿಸಿಬಿಸಿ ಚರ್ಚೆ ನಡೆಯಿತು. ಚರ್ಚೆ ಮಾಡಿದವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಈ ಕಾರನ್ನು ಕೊಳ್ಳುವವರಲ್ಲ, ಕೊಳ್ಳಲಾರರು. ಆದರೂ ತಮ್ಮದೇ ಮನೆಯ ಮದುವೆಯೇನೋ ಎಂಬಷ್ಟು ಕಾಳಜಿಯಿಂದ ಅವರು ವಾದಿಸಿದರು. ಕೊಳ್ಳಲಾಗದ ವಸ್ತುವಿನ ಬಗ್ಗೆ ಇಷ್ಟು ಪ್ರೀತಿಯಿಂದ, ಇಷ್ಟು ವಿವರವಾಗಿ ಮಾತನಾಡುವ ಈ ಸಂಸ್ಕೃತಿಯನ್ನು ನಾವು ಕೊಳ್ಳುಬಾಕತನ ಎಂಬ ಒಂದೇ ಪದದಲ್ಲಿ ತಳ್ಳಿಹಾಕಿದರೆ ಅದು ಸೋಮಾರಿತನವಾದೀತು. ಇದೂ ಒಂದು ಬಗೆಯ ವಿಮರ್ಶೆಯೇ. ಹಾಗಾಗಿ ಅದನ್ನು ವಿಮರ್ಶೆಯೆಂದೇ ಓದಿ, ಅದು ಏನನ್ನು ಕಾಣುತ್ತದೆ, ಏನನ್ನು ಕಾಣದೆ ಹೋಗುತ್ತದೆ ಎಂದು ಕೇಳುವುದು ನಮ್ಮ ಉದ್ದೇಶ.

ಮೊದಲು ಅವರ ವಾದಗಳನ್ನು ಕೇಳೋಣ. ಒಂದನೆಯದು ಬೆಲೆಯದು. ಐವತ್ತು ಲಕ್ಷ ಮೀರಿದ ಹಣದಲ್ಲಿ ಹೆಸರಾಂತ ಐಷಾರಾಮಿ ಕಂಪೆನಿಗಳ ಎತ್ತರದ ಕಾರು ಸಿಗುವಾಗ ಈ ಪುಟ್ಟ ಕಾರನ್ನು ಯಾರಾದರೂ ಏಕೆ ಕೊಳ್ಳಬೇಕು ಎಂದು ಒಂದು ಗುಂಪು ಕೇಳುತ್ತದೆ. ಆ ದೊಡ್ಡ ಕಾರುಗಳನ್ನು ಕೊಳ್ಳುವುದು ನೆರೆಹೊರೆಯವರ ಕಣ್ಣಿಗಾಗಿ, ಇದನ್ನು ಕೊಳ್ಳುವುದು ಓಡಿಸುವವನ ಕೈಗಾಗಿ ಎಂದು ಇನ್ನೊಂದು ಗುಂಪು ಉತ್ತರಿಸುತ್ತದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಸ್ಕೋಡಾ ಕಂಪೆನಿಯ ಆಕ್ಟೇವಿಯಾ ಆರ್‌ಎಸ್ 49.99 ಲಕ್ಷಕ್ಕೆ ಬಂದಾಗ ವಾದ ಮತ್ತೆ ಕಾವೇರಿತು. ಎರಡೂ ಒಂದೇ ಬಳಗದ ಕಂಪೆನಿಗಳು, ಎಂಜಿನ್ನೂ ಒಂದೇ ಮೂಲದ್ದು. ಆದರೆ ಆಕ್ಟೇವಿಯಾದಲ್ಲಿ 265 ಅಶ್ವಶಕ್ತಿ, ಸಾಮಾನಿಗೂ ಹೆಚ್ಚು ಜಾಗ, ಬೆಲೆಯೂ ಕಡಿಮೆ. ಅದೂ ಬಂದದ್ದು ನೂರೇ ನೂರು. ಲೆಕ್ಕ ನೋಡಿದರೆ ಆಕ್ಟೇವಿಯಾವೇ ಗೆಲ್ಲಬೇಕು. ಆದರೂ ಗಾಲ್ಫ್ ಪಕ್ಷದವರು ಸೋಲೊಪ್ಪಲಿಲ್ಲ. ತಿರುವಿನಲ್ಲಿ ಗಿಡ್ಡ ಕಾರು ತೋರುವ ಚುರುಕು ಅಂಕಿಗಳಲ್ಲಿ ಸಿಗುವುದಿಲ್ಲ ಎಂಬುದು ಅವರ ನಿಲುವು.

ಎರಡನೆಯ ವಾದ ಗೇರಿನದು. ಹೊಸ ಗಾಲ್ಫ್ ಜಿಟಿಐಯಲ್ಲಿ ಕಾಲಿನಿಂದ ಕ್ಲಚ್ ತುಳಿದು ಕೈಯಿಂದ ಗೇರು ಬದಲಿಸುವ ವ್ಯವಸ್ಥೆ ಇಲ್ಲ. ಭಾರತದಲ್ಲಿ ಮಾತ್ರವಲ್ಲ, 2024ರಲ್ಲಿ ಪರಿಷ್ಕೃತ ಮಾದರಿ ಬಂದಾಗ ಎಲ್ಲ ಕಡೆಯೂ ಅದನ್ನು ಕೈಬಿಡಲಾಯಿತು. ಏಳು ಗೇರಿನ ಯಂತ್ರ ತಾನೇ ಎಲ್ಲವನ್ನೂ ನೋಡಿಕೊಳ್ಳುತ್ತದೆ, ಅದೂ ಮನುಷ್ಯನ ಕೈಗಿಂತ ವೇಗವಾಗಿ. ವೇಗವೇ ಗುರಿಯಾಗಿದ್ದರೆ ಇದು ಲಾಭ. ಆದರೆ ಹಳೆಯ ರಸಿಕರಿಗೆ ಇದು ನಷ್ಟವೆನಿಸುತ್ತದೆ. ತಾವು ತಪ್ಪು ಮಾಡಿ, ತಿದ್ದಿಕೊಂಡು, ಕಾಲು ಮತ್ತು ಕೈಗಳ ನಡುವೆ ಲಯ ಕಂಡುಕೊಂಡ ಕಾಲವನ್ನು ಅವರು ನೆನೆಯುತ್ತಾರೆ. ಮೂರನೆಯದು ಗುಂಡಿಗಳ ವಾದ. ಕೆಲವು ವರ್ಷಗಳ ಹಿಂದೆ ಇದೇ ಕಾರಿನ ಸ್ಟೀರಿಂಗಿನ ಮೇಲೆ ಒತ್ತುವ ಗುಂಡಿಗಳ ಬದಲು ಸ್ಪರ್ಶಕ್ಕೆ ಸ್ಪಂದಿಸುವ ನುಣುಪು ಫಲಕಗಳನ್ನು ಹಾಕಲಾಗಿತ್ತು. ಬಳಸುವವರು ಎಷ್ಟು ಬೈದರೆಂದರೆ ಕಂಪೆನಿ ಪರಿಷ್ಕೃತ ಮಾದರಿಯಲ್ಲಿ ನಿಜವಾದ ಗುಂಡಿಗಳನ್ನು ಮರಳಿ ತಂದಿತು. ವಿಮರ್ಶಕರ ಮಾತು ಕೇಳಿ ಕೃತಿಕಾರ ತಿದ್ದಿಕೊಂಡ ಇಂಥ ಉದಾಹರಣೆಗಳು ಸಾಹಿತ್ಯದಲ್ಲೂ ಹೆಚ್ಚಿಲ್ಲ.

ನಾಲ್ಕನೆಯದು ತೂಕದ ವಾದ. ಇದರಲ್ಲಿ ಒಂದು ಇತಿಹಾಸವೇ ಅಡಗಿದೆ. 1973ರಲ್ಲಿ ಫೋಕ್ಸ್‌ವ್ಯಾಗನ್‌ನ ಎಂಜಿನಿಯರ್ ಆಲ್ಫೋನ್ಸ್ ಲೋವೆನ್‌ಬರ್ಗ್ ಒಂದು ಕ್ರೀಡಾ ಕಾರು ಮಾಡೋಣ ಎಂದು ಸಹೋದ್ಯೋಗಿಗಳಿಗೆ ಸೂಚಿಸಿದ. ಕೆಲವರು ಸೇರಿ ಅಧಿಕೃತ ಒಪ್ಪಿಗೆಗೆ ಕಾಯದೆ ಕೆಲಸ ಶುರುಮಾಡಿದರು. 1975ರ ಫ್ರಾಂಕ್‌ಫರ್ಟ್ ಮೇಳದಲ್ಲಿ ಮಾದರಿ ಕಾಣಿಸಿತು, 1976ರಲ್ಲಿ ಮಾರಾಟಕ್ಕೆ ಬಂತು. 1.6 ಲೀಟರ್ ಎಂಜಿನ್, 110 ಅಶ್ವಶಕ್ತಿ, ತೂಕ 800 ಕಿಲೋ ಆಸುಪಾಸು. ಒಳಗೆ ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಎಂಬ ವಿನ್ಯಾಸಗಾರ್ತಿ ರೂಪಿಸಿದ ಚೌಕಳಿ ಬಟ್ಟೆಯ ಆಸನ, ಗಾಲ್ಫ್ ಚೆಂಡಿನಾಕಾರದ ಗೇರ್ ಗುಬುಟು. ಐದು ಸಾವಿರ ಮಾರಿದರೆ ಸಾಕೆಂದು ಕಂಪೆನಿ ಅಂದುಕೊಂಡಿತ್ತು. ಮೊದಲ ತಲೆಮಾರಿನದೇ ನಾಲ್ಕೂವರೆ ಲಕ್ಷಕ್ಕಿಂತ ಹೆಚ್ಚು ಮಾರಾಟವಾದವು. ಇಂದಿನ ಜಿಟಿಐ 1,400 ಕಿಲೋಗೂ ಹೆಚ್ಚು ತೂಗುತ್ತದೆ. ಸುರಕ್ಷತೆಯ ಉಕ್ಕು, ಗಾಳಿಚೀಲ, ಪರದೆ, ಸೌಕರ್ಯಗಳೆಲ್ಲ ಸೇರಿ ತೂಕ ಏರಿದೆ, ತೂಕ ಏರಿದಂತೆ ಶಕ್ತಿಯೂ ಏರಬೇಕಾಗಿದೆ. ಹಗುರವೇ ಈ ಜಾತಿಯ ಜೀವಾಳ ಎನ್ನುವವರಿಗೆ ಇದೊಂದು ನೋವು.

ಈ ವಾದಗಳನ್ನು ಕೇಳುತ್ತ ಹೋದಂತೆ ನಮಗೆ ಗೌರವ ಮೂಡುತ್ತದೆ. ಇವರು ಕೇಳಿದ ಮಾತನ್ನು ಒಪ್ಪಿಸುವವರಲ್ಲ. ಮುಂದಿನ ಚಕ್ರ ಹಿಡಿತ ಕಳೆದುಕೊಳ್ಳುವ ಕ್ಷಣ ಸ್ಟೀರಿಂಗಿನ ಮೂಲಕ ಅಂಗೈಗೆ ಹೇಗೆ ತಿಳಿಯುತ್ತದೆ, ಬ್ರೇಕಿನ ಮೊದಲ ಅಂಗುಲದಲ್ಲಿ ಎಷ್ಟು ಬಿಗಿ ಇರಬೇಕು, ಎಂಜಿನ್ನಿನ ದನಿ ನಿಜವೋ ಧ್ವನಿವರ್ಧಕದಿಂದ ಹೊರಟ ಕೃತಕವೋ ಎಂಬುದನ್ನೆಲ್ಲ ಸೂಕ್ಷ್ಮವಾಗಿ ಬೇರ್ಪಡಿಸುತ್ತಾರೆ. ತಮ್ಮ ಮೈಯ ಅನುಭವವನ್ನೇ ಸಾಕ್ಷಿಯಾಗಿ ಮುಂದಿಡುತ್ತಾರೆ. ಪುಸ್ತಕ ತೆರೆಯದೆಯೇ ಲೇಖಕನ ಜಾತಿ, ಧರ್ಮ, ಪಂಥ ನೋಡಿ ತೀರ್ಪು ಬರೆಯುವ ನಮ್ಮ ಕೆಲವು ಸಾಹಿತ್ಯ ವಿಮರ್ಶಕರು ಈ ಹುಡುಗರಿಂದ ಕಲಿಯಬೇಕಾದದ್ದು ಬಹಳ ಇದೆ.

ಆದರೆ ಒಳ್ಳೆಯ ವಿಮರ್ಶೆ ಕೃತಿಯ ಒಳಗನ್ನು ಮಾತ್ರ ನೋಡಿ ನಿಲ್ಲುವುದಿಲ್ಲ. ಅದು ಯಾವ ನೆಲದಲ್ಲಿ, ಯಾರ ನಡುವೆ ಬದುಕುತ್ತದೆ ಎಂದೂ ಕೇಳುತ್ತದೆ. ಇಲ್ಲಿಯೇ ಕಾರುಪ್ರೇಮಿಗಳ ವಿಮರ್ಶೆ ಕುಂಟುತ್ತದೆ.

ಗರಿಷ್ಠ ವೇಗ 250 ಎಂಬುದನ್ನೇ ತೆಗೆದುಕೊಳ್ಳಿ. ಜರ್ಮನಿಯ ಹೆದ್ದಾರಿಗಳ ಕೆಲವು ಭಾಗಗಳಲ್ಲಿ ವೇಗಮಿತಿ ಇಲ್ಲ. ಅಲ್ಲಿ ಆ ಅಂಕಿಗೆ ಒಂದು ಅರ್ಥವಾದರೂ ಇದೆ. ನಮ್ಮಲ್ಲಿ 2018ರಲ್ಲಿ ಕೇಂದ್ರ ಸರಕಾರ ಎಕ್ಸ್‌ಪ್ರೆಸ್‌ವೇಗಳಿಗೆ ನಿಗದಿ ಮಾಡಿದ ಪರಮಾವಧಿ 120 ಕಿ.ಮೀ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಸಾಲುಸಾಲು ಸಾವುಗಳಾದ ಮೇಲೆ 2023ರಲ್ಲಿ ಪೊಲೀಸರು ರಾಡಾರ್ ಹಿಡಿದು ನಿಂತು 100ರ ಮಿತಿಯನ್ನು ಜಾರಿಗೊಳಿಸಿದರು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಡಲಾಯಿತು. ಅಂದರೆ 53 ಲಕ್ಷದ ಕಾರಿನ ಅರ್ಧಕ್ಕಿಂತ ಹೆಚ್ಚಿನ ಯೋಗ್ಯತೆಯನ್ನು ಈ ದೇಶದ ಯಾವ ಸಾರ್ವಜನಿಕ ರಸ್ತೆಯಲ್ಲೂ ಕಾನೂನುಬದ್ಧವಾಗಿ ಬಳಸಲಾಗದು. ಬಳಸದ ಆ ಯೋಗ್ಯತೆ ಒಡೆತನದ ಹೆಮ್ಮೆಯಾಗಿ ಉಳಿಯಬೇಕು, ಇಲ್ಲವೇ ಒಂದು ಮುಂಜಾನೆ ಕಾನೂನು ಮೀರಿ ಹೊರಬರಬೇಕು. ಚರ್ಚೆಗಳಲ್ಲಿ ಈ ಎರಡನೆಯ ಸಾಧ್ಯತೆಯನ್ನು ಕಣ್ಣು ಮಿಟುಕಿಸಿ ದಾಟಿಬಿಡುತ್ತಾರೆ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಕಾರನ್ನು ‘ಪರೀಕ್ಷಿಸುವ’ ಆಸೆಯ ಮಾತು ಬರುತ್ತದೆ. ಆ ಘಾಟಿಯಲ್ಲಿ ಎದುರಿನಿಂದ ಸರಕಾರಿ ಬಸ್ಸು ಬರುತ್ತದೆ, ತಿರುವಿನ ಅಂಚಿನಲ್ಲಿ ಸೌದೆ ಹೊತ್ತ ಹೆಂಗಸು ನಿಂತಿರುತ್ತಾಳೆ ಎಂಬ ಮಾತು ಬರುವುದಿಲ್ಲ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ಬರೀ ನಡೆದು ಹೋಗುತ್ತಿದ್ದವರು. ದ್ವಿಚಕ್ರ ವಾಹನಗಳಲ್ಲಿದ್ದವರ ಪಾಲು ಶೇಕಡಾ 44ಕ್ಕೂ ಹೆಚ್ಚು. ಒಟ್ಟು ಸಾವುಗಳಲ್ಲಿ ಶೇಕಡಾ 71ರಷ್ಟಕ್ಕೆ ಅತಿವೇಗ ಕಾರಣವೆಂದು ಅದೇ ವರದಿ ಹೇಳುತ್ತದೆ. ವೇಗ ಇಮ್ಮಡಿಯಾದರೆ ಡಿಕ್ಕಿಯ ಶಕ್ತಿ ನಾಲ್ಮಡಿಯಾಗುತ್ತದೆ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರವೂ ಹೆಚ್ಚುಕಡಿಮೆ ಅಷ್ಟೇ ಬೆಳೆಯುತ್ತದೆ. ಇದು ಹೈಸ್ಕೂಲಿನ ಭೌತಶಾಸ್ತ್ರ. ಇದರಲ್ಲಿ ಹೊಸ ಕಾರು, ಹಳೆಯ ಕಾರು ಎಂಬ ಭೇದವಿಲ್ಲ. ಈ ಸಾವುಗಳನ್ನೆಲ್ಲ ನೂರೈವತ್ತು ದುಬಾರಿ ಕಾರುಗಳ ತಲೆಗೆ ಕಟ್ಟುವುದು ಅನ್ಯಾಯ. ಕೊಲ್ಲುವ ವಾಹನಗಳಲ್ಲಿ ಬಹುಪಾಲು ಲಾರಿ, ಬಸ್ಸು, ಸಾಮಾನ್ಯ ಕಾರುಗಳೇ. ನಮ್ಮ ಪ್ರಶ್ನೆ ಬೇರೆ. ಒಂದು ಕಾರಿನ ಬಗ್ಗೆ ನೂರು ಗುಣಗಳನ್ನು ಪಟ್ಟಿ ಮಾಡುವ ವಿಮರ್ಶೆಯಲ್ಲಿ, ಕಾರಿನ ಹೊರಗೆ ನಿಂತವನ ದೃಷ್ಟಿಯಿಂದ ಅದು ಹೇಗಿದೆ ಎಂಬ ಒಂದು ಸಾಲಾದರೂ ಇರಬೇಡವೇ?

ಈ ಕುರುಡು ಕಾರುಪ್ರೇಮಿಗಳದು ಮಾತ್ರವಲ್ಲ. ಯುರೋಪಿನಲ್ಲಿ ಹೊಸ ಕಾರುಗಳನ್ನು ಡಿಕ್ಕಿ ಹೊಡೆಸಿ ನಕ್ಷತ್ರ ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆ 1997ರಲ್ಲಿ ತನ್ನ ಮೊದಲ ಫಲಿತಾಂಶಗಳಿಂದಲೇ ಪಾದಚಾರಿಗೆ ಏನಾದೀತು ಎಂಬುದನ್ನೂ ಅಳೆಯುತ್ತ ಬಂದಿದೆ. ನಮ್ಮ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರಿನಲ್ಲಿ ಶುರುವಾದಾಗ ನಕ್ಷತ್ರಗಳನ್ನು ಕೊಟ್ಟದ್ದು ಕಾರಿನೊಳಗಿನ ದೊಡ್ಡವರ ಮತ್ತು ಮಕ್ಕಳ ಸುರಕ್ಷತೆಗೆ. ಅದು ಒಳ್ಳೆಯ ಹೆಜ್ಜೆಯೇ. ಆದರೆ ಜಾಹೀರಾತಿನಲ್ಲಿ ಐದು ನಕ್ಷತ್ರ ಕಂಡು ನಾವು ‘ಸುರಕ್ಷಿತ ಕಾರು’ ಎನ್ನುವಾಗ, ಯಾರಿಗೆ ಸುರಕ್ಷಿತ ಎಂಬ ಪ್ರಶ್ನೆಯನ್ನು ನುಂಗಿಬಿಡುತ್ತೇವೆ.

ಇನ್ನು ಬೆಲೆಯ ಮಾತಿಗೆ ಮರಳೋಣ. ಯುರೋಪಿನಲ್ಲಿ ಹಾಟ್ ಹ್ಯಾಚ್ ಹುಟ್ಟಿದ್ದೇ ಒಂದು ಬಗೆಯ ಸಮಾನತೆಯ ಆಶಯದಿಂದ. ಅದುವರೆಗೆ ವೇಗ ಸಿರಿವಂತರ ಎರಡು ಸೀಟಿನ ಕಾರುಗಳ ಸೊತ್ತಾಗಿತ್ತು. ಮಕ್ಕಳನ್ನು ಶಾಲೆಗೆ ಬಿಟ್ಟು, ಸಂತೆಯ ಸಾಮಾನು ತಂದು, ಭಾನುವಾರ ಒಬ್ಬನೇ ಬೆಟ್ಟ ಹತ್ತುವ ಸುಖವನ್ನು ಒಂದೇ ಕಾರಿನಲ್ಲಿ ಕೊಡುತ್ತೇವೆ ಎಂದಿತು ಗಾಲ್ಫ್ ಜಿಟಿಐ. 1984ರಲ್ಲಿ ಬಂದ ಫ್ರಾನ್ಸಿನ ಪಿಜೋ 205 ಜಿಟಿಐ ಅದೇ ಹಾದಿ ಹಿಡಿಯಿತು. ನಮ್ಮಲ್ಲಿಯೂ ಆ ಆಸೆಗೆ ಒಂದು ಚರಿತ್ರೆ ಇದೆ. 2001ರ ಸುಮಾರಿಗೆ ಸಚಿನ್ ತೆಂಡೂಲ್ಕರ್ ಪ್ರಚಾರ ಮಾಡಿದ ಫಿಯಟ್ ಪಾಲಿಯೊದ 1.6 ಲೀಟರ್ ಮಾದರಿ ನೂರು ಅಶ್ವಶಕ್ತಿಯ ರುಚಿ ತೋರಿಸಿತು. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿನೊಳಗಿನ, ಪೆಟ್ರೋಲಾದರೆ 1,200 ಸಿಸಿ ಒಳಗಿನ ಕಾರುಗಳಿಗೆ ತೆರಿಗೆ ರಿಯಾಯಿತಿ ಸಿಕ್ಕಿದ ಮೇಲೆ ಕಂಪೆನಿಗಳೆಲ್ಲ ಆ ಚೌಕಟ್ಟಿನೊಳಗೆ ಕುಳಿತವು. 2013ರ ಪೋಲೊ ಜಿಟಿ ಟಿಎಸ್‌ಐ, 2017ರ ಬಲೆನೊ ಆರ್‌ಎಸ್, 2021ರ ಐ20 ಎನ್ ಲೈನ್, 2024ರ ಟಾಟಾ ಆಲ್ಟ್ರೋಜ್ ರೇಸರ್ ಎಲ್ಲವೂ ಸಣ್ಣ ಟರ್ಬೊ ಎಂಜಿನ್ನಿನಿಂದ ನೂರು, ನೂರಿಪ್ಪತ್ತು ಅಶ್ವಶಕ್ತಿ ಹೊರಡಿಸುವ ಪ್ರಯತ್ನಗಳು. 2015ರ ಅಬಾರ್ತ್ ಪುಂಟೊ ಮಾತ್ರ 145 ಅಶ್ವಶಕ್ತಿಯನ್ನು ಹತ್ತು ಲಕ್ಷದೊಳಗೆ ಕೊಟ್ಟು ರಸಿಕರ ಮನಸ್ಸಿನಲ್ಲಿ ಉಳಿಯಿತು. ಅದು ಹೆಚ್ಚು ಮಾರಾಟವಾಗಲಿಲ್ಲ.

ಇದೇ ಕಂಪೆನಿ 2016ರಲ್ಲಿ ಪೋಲೊ ಜಿಟಿಐಯನ್ನು ಆಮದು ಮಾಡಿ 25.99 ಲಕ್ಷಕ್ಕೆ 99 ಕಾರುಗಳನ್ನು ಮಾರಾಟಕ್ಕಿಟ್ಟಿತ್ತು. ಒಂಬತ್ತು ವರ್ಷದ ನಂತರ 53 ಲಕ್ಷ, 150 ಕಾರು. ಪೂರ್ತಿ ತಯಾರಾದ ಕಾರಿನ ಮೇಲಿನ ಆಮದು ಸುಂಕ ಬೆಲೆಯನ್ನು ಏರಿಸುತ್ತದೆ ಎಂಬುದು ನಿಜ. ಹಾಗಿದ್ದರೂ ಜನಸಾಮಾನ್ಯನ ಕ್ರೀಡಾ ಕಾರೆಂದು ಹುಟ್ಟಿದ್ದು ನಮ್ಮ ದಡಕ್ಕೆ ಬರುವಷ್ಟರಲ್ಲಿ ಅಪರೂಪದ ಒಡವೆಯಾಗಿದೆ. ಗಾಲ್ಫ್ ಜಿಟಿಐ ಕಾಯ್ದಿರಿಸಲು ಬಯಸಿದವರು ಮೊದಲು ಅದರ ಬಗ್ಗೆ ಒಂದು ಪ್ರಶ್ನಾವಳಿಗೆ ಉತ್ತರಿಸಬೇಕಿತ್ತು. ನಿಜವಾದ ಪ್ರೇಮಿಗಳಿಗೇ ಕಾರು ಸಿಗಲಿ ಎಂಬ ಇಂಗಿತ ಅದರಲ್ಲಿತ್ತು. ಕೇಳಲು ಚೆಂದ. ಆದರೆ ಎಲ್ಲ ಉತ್ತರಗಳೂ ಬಾಯಿಪಾಠವಿರುವ ಕಾಲೇಜು ಹುಡುಗನಿಗೆ ಆ ಪರೀಕ್ಷೆಯಲ್ಲಿ ಪಾಸಾದರೂ ಕಾರು ಸಿಗುವುದಿಲ್ಲ. ಪ್ರೀತಿಗೆ ಪರೀಕ್ಷೆ, ಹಣಕ್ಕೆ ಕಾರು.

ಶಿವಾಜಿನಗರದ, ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಗಳ ಗ್ಯಾರೇಜುಗಳಲ್ಲಿ ಇನ್ನೊಂದು ಬಗೆಯ ರಸಿಕರಿದ್ದಾರೆ. ಹತ್ತು ಹನ್ನೆರಡನೇ ವಯಸ್ಸಿಗೆ ಶಾಲೆ ಬಿಟ್ಟು ಉಸ್ತಾದನ ಕೈಕೆಳಗೆ ಸ್ಪ್ಯಾನರ್ ಎತ್ತಿಕೊಡುತ್ತ ಬೆಳೆದವರು. ಬಾನೆಟ್ ತೆರೆಯುವ ಮೊದಲೇ ಎಂಜಿನ್ನಿನ ದನಿ ಕೇಳಿ ಯಾವ ಸಿಲಿಂಡರ್ ಕೈಕೊಟ್ಟಿದೆ ಎಂದು ಹೇಳಬಲ್ಲವರು. ಇವರಲ್ಲಿ ನಮ್ಮ ಸಮುದಾಯದ ಹುಡುಗರು ಬಹಳ. ಕಾರುಪ್ರೇಮಿಗಳ ಚರ್ಚೆಯಲ್ಲಿ ಇವರ ಜ್ಞಾನಕ್ಕೆ ಜಾಗವಿಲ್ಲ, ಏಕೆಂದರೆ ಅದು ಇಂಗ್ಲಿಷಿನಲ್ಲಿಲ್ಲ. ಈಗ ಕಾರುಗಳು ಗಣಕಯಂತ್ರದ ತುದಿಗೆ ಹೋಗಿರುವುದರಿಂದ ಕಂಪೆನಿಯ ಸಾಧನವಿಲ್ಲದೆ ದೋಷ ಓದುವುದೂ ಕಷ್ಟವಾಗುತ್ತಿದೆ. ಗುಂಡಿ ಹೋಯಿತೆಂದು, ಗೇರು ಹೋಯಿತೆಂದು ಶೋಕಿಸುವವರು ಕಿವಿಯಿಂದ ಕಲಿತ ಈ ವಿದ್ಯೆ ಹೋಗುತ್ತಿರುವುದನ್ನೂ ಗಮನಿಸಿದರೆ ಅವರ ಶೋಕಕ್ಕೆ ತೂಕ ಬಂದೀತು.

ಬ್ರಿಟನ್ನಿನ ಒಂದು ಅಧ್ಯಾಯ ಇಲ್ಲಿ ನೆನಪಾಗುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ಅಲ್ಲಿ ಹಾಟ್ ಹ್ಯಾಚ್‌ಗಳು ಎಷ್ಟು ಜನಪ್ರಿಯವಾದವೋ ಅಷ್ಟೇ ಕಳ್ಳತನಕ್ಕೂ ಗುರಿಯಾದವು. ಕೊಳ್ಳಲಾಗದ ಹುಡುಗರು ಕದ್ದು ಓಡಿಸಿ ಬಿಟ್ಟುಹೋಗುತ್ತಿದ್ದರು. ಆಕ್ಸ್‌ಫರ್ಡಿನ ಬ್ಲ್ಯಾಕ್‌ಬರ್ಡ್ ಲೀಸ್ ಬಡಾವಣೆಯಲ್ಲಿ ರಾತ್ರಿ ಹೊತ್ತು ಕದ್ದ ಕಾರುಗಳ ಪ್ರದರ್ಶನವೇ ನಡೆಯುತ್ತಿತ್ತು, ನೋಡಲು ಜನ ಸೇರುತ್ತಿದ್ದರು. ಪಕ್ಕದ ಕೌಲಿಯ ಕಾರು ಕಾರ್ಖಾನೆಯ ಕೆಲಸಗಾರರ ಅನೇಕ ಕುಟುಂಬಗಳಿದ್ದ ಬಡಾವಣೆ ಅದು. ಆ ಕಾರ್ಖಾನೆಯಲ್ಲಿ ಕೆಲಸಗಳು ಕುಗ್ಗುತ್ತಿದ್ದ ಕಾಲ. ತಂದೆಯರು ಕಾರು ಕಟ್ಟಿದ ಊರಿನಲ್ಲಿ ಮಕ್ಕಳು ಕಾರು ಕದಿಯುತ್ತಿದ್ದರು. 1991ರಲ್ಲಿ ಪೊಲೀಸರು ತಡೆಯಲು ಬಂದಾಗ ಗಲಭೆಯಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಟೈನ್‌ಸೈಡ್‌ನ ಮೆಡೋ ವೆಲ್ ಎಂಬಲ್ಲಿ ಪೊಲೀಸರು ಬೆನ್ನಟ್ಟಿದ ಕದ್ದ ಕಾರು ಅಪಘಾತಕ್ಕೀಡಾಗಿ ಇಬ್ಬರು ಯುವಕರು ಸತ್ತರು, ಅಲ್ಲಿಯೂ ಬೆಂಕಿ ಹೊತ್ತಿತು. ಸರಕಾರ 1992ರಲ್ಲಿ ಇದಕ್ಕೆಂದೇ ಹೊಸ ಕಾನೂನು ತಂದಿತು. ಶಿಕ್ಷೆ ಹೆಚ್ಚಾಯಿತು. ಆ ಹುಡುಗರಿಗೆ ಕೆಲಸ ಯಾರು ಕೊಟ್ಟರು ಎಂಬುದು ಕಾನೂನಿನ ವಿಷಯವಾಗಿರಲಿಲ್ಲ. ಸೌದಿ ರಾಜಧಾನಿಯ ಅಗಲ ರಸ್ತೆಗಳಲ್ಲಿ ಕಾರುಗಳನ್ನು ಜಾರಿಸಿ ಆಡುವ ಯುವಕರ ಬಗ್ಗೆ ಪಾಸ್ಕಲ್ ಮೆನೋರೆ 2014ರಲ್ಲಿ ಪ್ರಕಟಿಸಿದ ‘ಜಾಯ್‌ರೈಡಿಂಗ್ ಇನ್ ರಿಯಾದ್’ ಎಂಬ ಅಧ್ಯಯನವೂ ಇಂಥದೇ ಒಂದು ಕತೆಯನ್ನು ಬಿಡಿಸುತ್ತದೆ. ತಮಗೆ ಜಾಗವಿಲ್ಲದ ನಗರದಲ್ಲಿ ರಸ್ತೆಯನ್ನೇ ಆಕ್ರಮಿಸಿಕೊಂಡವರ ಕತೆ ಅದು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಮನೆಯಂಗಳಕ್ಕೇ ಬರೋಣ. ಶಬೆ ಬರಾತಿನ ರಾತ್ರಿ ಬೆಂಗಳೂರಿನ ಮೇಲ್ಸೇತುವೆಗಳನ್ನು ಪೊಲೀಸರು ಮುಚ್ಚುವುದು ಕೆಲವು ವರ್ಷಗಳಿಂದ ರೂಢಿಯಾಗಿದೆ. ಕಾರಣ ಎಲ್ಲರಿಗೂ ಗೊತ್ತು. ಮಸೀದಿಯಲ್ಲಿ ಹಿರಿಯರು ಕ್ಷಮೆಗಾಗಿ ಕೈಯೆತ್ತಿರುವಾಗ, ಖಬರಸ್ತಾನದಲ್ಲಿ ಅಗಲಿದವರಿಗಾಗಿ ದುಆ ನಡೆಯುತ್ತಿರುವಾಗ ನಮ್ಮವೇ ಕೆಲವು ಹುಡುಗರು ಬೈಕಿನ ಮುಂಗಾಲಿ ಎತ್ತಿ ವ್ಹೀಲಿ ಮಾಡುತ್ತಿರುತ್ತಾರೆ. ಇದನ್ನು ಹೇಳಲು ನಾವು ಹಿಂಜರಿಯಬಾರದು. ಹೊರಗಿನವರು ಆಡಿಕೊಳ್ಳುತ್ತಾರೆಂದು ಮುಚ್ಚಿಟ್ಟರೆ ಸಾಯುವವರು ನಮ್ಮ ಮಕ್ಕಳೇ, ಅವರ ಜೊತೆ ಯಾವ ತಪ್ಪೂ ಮಾಡದ ದಾರಿಹೋಕರು.

ಆದರೆ ಇಲ್ಲಿ ಇನ್ನೊಂದು ಮಾತೂ ಇದೆ. ಅದೇ ವೇಗದಾಸೆಗೆ ಎರಡು ಹೆಸರುಗಳಿವೆ. ಮೇಲ್ಸೇತುವೆಯ ಮೇಲಿನ ಹುಡುಗನದು ಪುಂಡಾಟ. ಘಾಟಿಯಲ್ಲಿ ಮುಂಜಾನೆ ಮಿತಿ ಮೀರಿ ಓಡುವ ದುಬಾರಿ ಕಾರಿನದು ‘ಪ್ಯಾಷನ್’. ಒಬ್ಬನ ಫೋಟೋ ಪತ್ರಿಕೆಯ ಅಪರಾಧ ಪುಟದಲ್ಲಿ, ಇನ್ನೊಬ್ಬನದು ಬಣ್ಣದ ಪುರವಣಿಯಲ್ಲಿ. ಒಬ್ಬನ ಹೆಸರಿನಿಂದ ಇಡೀ ಸಮುದಾಯಕ್ಕೆ ಮಸಿ, ಇನ್ನೊಬ್ಬನ ಹೆಸರಿನಿಂದ ಯಾರಿಗೂ ಏನೂ ಇಲ್ಲ. ಇಬ್ಬರೂ ಸಾರ್ವಜನಿಕ ರಸ್ತೆಯನ್ನು ತಮ್ಮ ಖಾಸಗಿ ಆಟದ ಮೈದಾನ ಮಾಡಿಕೊಂಡವರೇ. ಒಬ್ಬನ ತಪ್ಪನ್ನು ತೋರಿಸಿ ಇನ್ನೊಬ್ಬನನ್ನು ಬಿಡಿಸುವುದು ನಮ್ಮ ಇರಾದೆಯಲ್ಲ. ಒಂದೇ ತಕ್ಕಡಿ ಇರಲಿ ಎಂಬುದಷ್ಟೇ ನಮ್ಮ ಬೇಡಿಕೆ.

ಕಾರುಪ್ರೇಮಿಗಳು ಇದಕ್ಕೆ ಉತ್ತರ ಹೇಳದೆ ಇಲ್ಲ. ಒಳ್ಳೆಯ ಬ್ರೇಕು, ಒಳ್ಳೆಯ ಟಯರು, ನುರಿತ ಚಾಲಕ ಇದ್ದರೆ ವೇಗದ ಕಾರು ನಿಧಾನದ ಕಾರಿಗಿಂತ ಸುರಕ್ಷಿತ ಎನ್ನುತ್ತಾರೆ. ಕಾರಿನ ಮಟ್ಟಿಗೆ ಇದರಲ್ಲಿ ಸತ್ಯವಿದೆ. ಇಂಥ ಕಾರು ನೂರರಿಂದ ನಿಲ್ಲುವುದು ಅನೇಕ ಅಗ್ಗದ ಕಾರುಗಳಿಗಿಂತ ಬೇಗ. ಆದರೆ ರಸ್ತೆಯಲ್ಲಿ ನುರಿತವನು ಒಬ್ಬನೇ ಇರುವುದಿಲ್ಲ. ಚೆಂಡಿನ ಹಿಂದೆ ಓಡಿಬರುವ ಮಗುವಿಗೆ ಚಾಲಕನ ನೈಪುಣ್ಯ ಗೊತ್ತಿರುವುದಿಲ್ಲ. ಇನ್ನು ಕೆಲವರು, ಹಾಗಾದರೆ ರೇಸ್ ಪಥಕ್ಕೆ ಹೋಗಿ ಎನ್ನುತ್ತಾರೆ. ಇದು ಸರಿಯಾದ ಮಾತು. ಚೆನ್ನೈ ಬಳಿ ಇರುಂಗಾಟ್ಟುಕೋಟ್ಟೈಯಲ್ಲಿ, ಕೊಯಮತ್ತೂರಿನಲ್ಲಿ ಅಂಥ ಪಥಗಳಿವೆ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ, ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿಗಳಲ್ಲಿ ನಡೆದ ರ‍್ಯಾಲಿಗಳು ದಾರಿಯನ್ನು ಮುಚ್ಚಿ, ಶಿಸ್ತಿನಿಂದ ವೇಗವನ್ನು ಕಲೆಯಾಗಿ ಮಾಡಬಹುದೆಂದು ತೋರಿಸಿವೆ. ಪ್ರೇಮಿಗಳು ಹೆಚ್ಚು ಪಥಗಳಿಗಾಗಿ ದನಿಯೆತ್ತಲಿ. ಬೈಕಿನ ಹುಡುಗನಿಗೂ ಒಳಗೆ ಬರಲು ಆಗುವಂಥ ಶುಲ್ಕದಲ್ಲಿ ಅವು ಇರಲಿ. ಅಲ್ಲಿ ಬಿದ್ದರೆ ಬೀಳುವವನು ತಾನೊಬ್ಬನೇ.

ಜಿಟಿಐ ಪ್ರೇಮಿಗಳ ತವರಿನಲ್ಲೂ ಈ ಪ್ರಶ್ನೆ ಎದ್ದಿದೆ. 1982ರಿಂದ ಆಸ್ಟ್ರಿಯದ ವೋರ್ಥರ್‌ಸೀ ಸರೋವರದ ದಂಡೆಯ ರೈಫ್ನಿಟ್ಸ್ ಎಂಬ ಪುಟ್ಟ ಊರಿನಲ್ಲಿ ಅವರ ವಾರ್ಷಿಕ ಮೇಳ ನಡೆಯುತ್ತಿತ್ತು. ಸಾವಿರಾರು ಕಾರು, ಹೊಗೆ, ಸದ್ದು. ಊರಿಗೆ ವ್ಯಾಪಾರವೂ ಆಗುತ್ತಿತ್ತು. ಕೊನೆಗೆ ಅಲ್ಲಿನ ಸ್ಥಳೀಯ ಆಡಳಿತ 2023ರಿಂದ ಅಧಿಕೃತ ಮೇಳ ಬೇಡವೆಂದಿತು. ಕಂಪೆನಿ 2024ರಲ್ಲಿ ಮೇಳವನ್ನು ತನ್ನ ತವರಾದ ಜರ್ಮನಿಯ ವೋಲ್ಫ್ಸ್‌ಬುರ್ಗಿಗೆ ಕರೆದೊಯ್ದಿತು. ಕಾರನ್ನು ಪ್ರೀತಿಸುವ ನಾಡಿನಲ್ಲೇ ಒಂದು ಹಳ್ಳಿ ತನ್ನ ರಸ್ತೆಯ ಮೇಲೆ ತನಗೂ ಹಕ್ಕಿದೆ ಎಂದು ಹೇಳಿ ಉಳಿಸಿಕೊಂಡಿತು.

ರಸ್ತೆಯ ಹಕ್ಕು ಎಂಬ ಮಾತು ಮುಸ್ಲಿಮರಿಗೆ ಹೊಸದಲ್ಲ. ದಾರಿಬದಿಯಲ್ಲಿ ಕುಳಿತು ಹರಟುತ್ತಿದ್ದ ಸಂಗಾತಿಗಳಿಗೆ ಪ್ರವಾದಿ ಮುಹಮ್ಮದ್ (ಸ) ಹಾಗೆ ಕೂರಬೇಡಿ ಎಂದದ್ದು, ಬೇರೆ ಜಾಗವಿಲ್ಲವೆಂದು ಅವರು ಹೇಳಿದಾಗ ಹಾಗಾದರೆ ದಾರಿಗೆ ಅದರ ಹಕ್ಕನ್ನು ಕೊಡಿ ಎಂದದ್ದು ಹದೀಸಿನಲ್ಲಿದೆ. ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಮರುನುಡಿಯುವುದು ಆ ಹಕ್ಕುಗಳಲ್ಲಿ ಸೇರಿವೆ. ದಾರಿಯಲ್ಲಿ ಬಿದ್ದ ಮುಳ್ಳನ್ನು ಸರಿಸುವುದೂ ಈಮಾನಿನ ಭಾಗ ಎಂದು ಮಕ್ಕಳಿಗೆ ಮದ್ರಸದಲ್ಲಿ ಕಲಿಸುತ್ತೇವೆ. ಸುಮ್ಮನೆ ಕೂರುವುದಕ್ಕೇ ಇಷ್ಟು ಷರತ್ತುಗಳಿದ್ದರೆ, 245 ಕುದುರೆಗಳ ಬಲ ಹೊತ್ತು ಓಡುವುದಕ್ಕೆ ಎಷ್ಟಿರಬೇಕು? ಹದಿನೆಂಟಕ್ಕೆ ಕಾಲಿಡುವ ಮೊದಲೇ ಮಗನಿಗೆ ಬೈಕ್ ಕೊಡಿಸುವ ತಂದೆ, ಗಲ್ಫ್‌ನಿಂದ ರಜೆಗೆ ಬಂದು ಊರ ಸಣ್ಣ ರಸ್ತೆಯಲ್ಲಿ ಬಾಡಿಗೆ ಕಾರಿನ ಜೋರು ತೋರಿಸುವ ಯುವಕ, ಇಬ್ಬರೂ ಈ ಪಾಠವನ್ನು ನೆನೆಯಬೇಕು. ಜುಮಾ ಖುತ್ಬಾದಲ್ಲಿ ಹೆಲ್ಮೆಟ್ಟಿನ, ವೇಗಮಿತಿಯ ಮಾತು ಬಂದರೆ ಅದು ದೀನಿನ ಹೊರಗಿನ ಮಾತಲ್ಲ.

ಕಾರುಪ್ರೇಮಿಗಳು ತಮ್ಮ ಪ್ರೀತಿ ಬಿಡಬೇಕೆಂದು ನಾವು ಹೇಳುತ್ತಿಲ್ಲ. ಚೆನ್ನಾಗಿ ಮಾಡಿದ ಯಂತ್ರದಲ್ಲಿ ಮನುಷ್ಯನ ಬುದ್ಧಿಯೂ ಶ್ರಮವೂ ಇವೆ, ಅದನ್ನು ಮೆಚ್ಚುವುದು ತಪ್ಪಲ್ಲ. ಅವರ ವಿಮರ್ಶೆ ಇನ್ನೂ ಸ್ವಲ್ಪ ಬೆಳೆಯಲಿ ಎಂಬುದು ನಮ್ಮ ಆಸೆ. ಮುಂದಿನ ಸಲ ಹೊಸ ಕಾರು ಬಂದಾಗ ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಎಂಬುದರ ಜೊತೆಗೆ, ಶಾಲೆ ಬಿಡುವ ಹೊತ್ತಿನ ಓಣಿಯಲ್ಲಿ ಮೂವತ್ತರ ವೇಗದಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ, ಅದರ ಮೂತಿ ತಗುಲಿದರೆ ಮನುಷ್ಯನಿಗೆ ಏನಾಗುತ್ತದೆ, ಕೆಟ್ಟರೆ ನಮ್ಮ ಗಲ್ಲಿಯ ಮಿಸ್ತ್ರಿ ಅದನ್ನು ಸರಿಪಡಿಸಬಲ್ಲನೇ ಎಂದೂ ಅವರು ಬರೆಯಲಿ. ಕೈಯ ಸಂವೇದನೆಯನ್ನು ಅಷ್ಟು ಸೂಕ್ಷ್ಮವಾಗಿ ವಿವರಿಸಬಲ್ಲವರಿಗೆ ಇದು ಕಷ್ಟದ ಕೆಲಸವೇನಲ್ಲ.